ರೊಟ್ಟಿ ಬಡಿಯುವ ಕೈ

ಸವದತ್ತಿಯ ಒಂದು ಸಣ್ಣ ಖಾನಾವಳಿ. ಮಧ್ಯಾಹ್ನದ ಹೊತ್ತು. ಯಲ್ಲಮ್ಮನ ಗುಡ್ಡದಿಂದ ಇಳಿದು ಬಂದ ತಂದೆ-ಮಗಳು ಊಟಕ್ಕೆ ಕುಳಿತಿದ್ದಾರೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಓದುತ್ತಾಳೆ. ಇರುವುದು ನಾಲ್ಕೇ ಮೇಜು. ಒಲೆಯ ಮುಂದೆ ಕುಳಿತ ಹೆಂಗಸು ಊಟಕ್ಕೆ ಬಂದವರಿಗೆಲ್ಲ ಕಾಣುತ್ತಾಳೆ. ಟಪಟಪ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಬಿಸಿರೊಟ್ಟಿ ತಾಟಿಗೆ ಬಂದು ಬೀಳುತ್ತದೆ. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ.

ಮೊದಲ ತುತ್ತಿನ ಜೊತೆಗೇ ತಂದೆ ಪರೀಕ್ಷೆಯ ಮಾತು ತೆಗೆದರು. ಭೌತಶಾಸ್ತ್ರದಲ್ಲಿ ಅಂಕ ಕಡಿಮೆ. ಅವರ ಕಣ್ಣು ಒಲೆಯ ಕಡೆ ಹೋಯಿತು.

"ಸರಿಯಾಗಿ ಓದಲಿಲ್ಲಂದ್ರ ನಾಳೆ ಹಿಂಗ ರೊಟ್ಟಿ ಬಡಕೋತ ಕೂಡಬೇಕಾಗ್ತದ, ನೋಡು!"

ಮಾತು ಒಲೆಯ ತನಕ ಕೇಳಿಸಿತು. ಟಪಟಪ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಇಂಥ ಮಾತನ್ನು ಆಡದ ಮನೆ ಕಡಿಮೆ. ಕೈಕೆಲಸವೆಂದರೆ ಓದದವರಿಗೆ ಸಿಗುವ ಶಿಕ್ಷೆ ಎಂಬ ಪಾಠವನ್ನು ಮಕ್ಕಳು ಶಾಲೆಗಿಂತ ಮೊದಲು ಊಟದ ಮನೆಯಲ್ಲೇ ಕಲಿಯುತ್ತಾರೆ.

ದೂರದ ಜಪಾನಿನಲ್ಲೂ ಇಂಥವೇ ಸಣ್ಣ ಊಟದ ಮನೆಗಳಿವೆ. ಅಲ್ಲಿಯ ತಿನಿಸು ಸುಶಿ. ಹುಳಿಯಾದ ಸಿರ್ಕಾ ಕಲಸಿದ ಅನ್ನವನ್ನು ಕೈಯಲ್ಲೇ ಸಣ್ಣ ಉಂಡೆ ಮಾಡಿ, ಮೇಲೆ ಮೀನಿನ ತೆಳುವಾದ ಹೋಳು ಇಟ್ಟು ಕೊಡುತ್ತಾರೆ. ಇದನ್ನು 1820ರ ದಶಕದಲ್ಲಿ ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಹನಾಯಾ ಯೊಹೇಯಿ ಎಂಬಾತ ರೂಢಿಗೆ ತಂದನೆಂದು ಹೇಳುತ್ತಾರೆ. ಆಗ ಅದು ಬೀದಿಬದಿಯ ತಿಂಡಿ. ಇಂದಿಗೂ ಹಳೆಯ ಪದ್ಧತಿಯ ಅಂಗಡಿಗಳಲ್ಲಿ ಮಾಡುವವನು ಹಲಗೆಯ ಆಚೆ, ಉಣ್ಣುವವರು ಈಚೆ. ಮಾಡಿಕೊಟ್ಟ ಕೂಡಲೇ ತಿನ್ನಬೇಕು. ಕೈಯಿಂದ ತಿಂದರೂ ತಪ್ಪಲ್ಲ. ಕೆಲಸ ಕಲಿಯಲು ಸೇರಿದ ಹುಡುಗ ವರ್ಷಗಟ್ಟಲೆ ಪಾತ್ರೆ ತೊಳೆದು, ಅನ್ನ ಹದ ಮಾಡುವುದನ್ನು ಕಲಿತ ಮೇಲೆಯೇ ಗಿರಾಕಿಗಳ ಎದುರು ನಿಲ್ಲುವುದು. ಆಮೇಲೆ ಜನ ಅವನನ್ನು ಗುರುವಿನಂತೆ ಕಾಣುತ್ತಾರೆ. 2013ರಲ್ಲಿ ಯುನೆಸ್ಕೋ ಜಪಾನಿನ ಸಾಂಪ್ರದಾಯಿಕ ಆಹಾರ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅನ್ನದ ಉಂಡೆಗೆ ಅಷ್ಟು ವಿದ್ಯೆ ಬೇಕಾದರೆ ಜೋಳದ ರೊಟ್ಟಿಗೆ ಕಡಿಮೆ ಸಾಕೇ? ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಗ್ಲುಟೆನ್ ಎಂಬ ಅಂಟು ಹುಟ್ಟುತ್ತದೆ. ಚಪಾತಿ ಎಳೆದಂತೆ ಹಿಗ್ಗುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಅದೇ. ನೀರು ಆರಿದ್ದರೆ, ಹಿಟ್ಟು ಹಳೆಯದಾಗಿ ಜಿಗಿ ಹೋಗಿದ್ದರೆ ಅಂಚು ಸೀಳುತ್ತದೆ. ಎಷ್ಟು ಜೋರಾಗಿ ಬಡಿಯಬೇಕು, ಯಾವಾಗ ತಿರುವಬೇಕು, ತವೆಯ ಮೇಲೆ ಹಾಕಿದ ರೊಟ್ಟಿಗೆ ಎಷ್ಟು ನೀರು ಸವರಬೇಕು ಎಂಬುದೆಲ್ಲ ಕೈಗೆ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ.

ಮಗಳು ತಾಟಿನಿಂದ ತಲೆ ಎತ್ತಲಿಲ್ಲ. ಮೆಲ್ಲಗೆ ಅಂದಳು: "ವಾರಕ್ಕೊಮ್ಮೆ ಬಸ್ಸಿನಾಗ ಅವ್ವ ಬುತ್ತಿ ಕಳಸ್ತಾಳಲ್ಲಪ್ಪಾ, ಆಕಿನೂ ರೊಟ್ಟಿನ ಬಡಿತಾಳ."

ತಂದೆಯ ಕೈ ಮೊಸರಿನ ಬಟ್ಟಲಲ್ಲೇ ನಿಂತಿತು. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆಯಿಂದ ಧಾರವಾಡಕ್ಕೆ ಹೋಗುವ ಬಸ್ಸುಗಳಲ್ಲಿ ಇಂಥ ಬುತ್ತಿಗಂಟುಗಳು ಎಷ್ಟೋ ವರ್ಷಗಳಿಂದ ಹೋಗುತ್ತಿವೆ. ಅದನ್ನು ಉಂಡು ಓದಿದವರು ಡಾಕ್ಟರರಾಗಿದ್ದಾರೆ, ಮಾಸ್ತರರಾಗಿದ್ದಾರೆ. ಬುತ್ತಿ ಕಟ್ಟಿದ ಕೈಗೆ ಮಾತ್ರ ಯಾರೂ ಅಂಕ ಕೊಟ್ಟಿಲ್ಲ.

ಊಟ ಮುಗಿಯಿತು. ದುಡ್ಡು ಕೊಟ್ಟ ತಂದೆ ಒಲೆಯ ಹತ್ತಿರ ಹೋಗಿ ನಿಂತರು.

"ರೊಟ್ಟಿ ಭಾಳ ಚಲೋ ಆಗಿದ್ದೂರಿ, ಅಕ್ಕಾರ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಹೊಟ್ಟಿ ತುಂಬ ಉಂಡ್ರಿಲ್ರಿ, ಅಣ್ಣಾರ? ತಂಗಿ, ಅಪ್ಪ ಹೇಳಿದ್ದು ಖರೇ ಐತಿ, ಚೊಲೋ ಓದವಾ. ನನ್ನ ಮಗಾನೂ ಕಾಲೇಜಿಗೆ ಹೋಗ್ತಾನ."

ಮಕ್ಕಳು ಓದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಿಸುವುದಕ್ಕೆ ಇನ್ನೊಬ್ಬರ ದುಡಿಮೆಯನ್ನು ಬೆದರುಬೊಂಬೆ ಮಾಡಬೇಕಾಗಿಲ್ಲ. ಭೌತಶಾಸ್ತ್ರದ ಅಂಕದ ಮಾತು ಬಸ್ ನಿಲ್ದಾಣದಲ್ಲಿ ಮತ್ತೆ ಬಂತು. ಆದರೆ ಈ ಸಲ ತಂದೆ ಕೇಳಿದ್ದು, "ಯಾವ ಪಾಠ ತಿಳೀವಲ್ದವ್ವಾ?" ಎಂದು.