ಪರ್ಪಾಟಕ ಅಂತ ಕೀಳುವ ಮೊದಲು ಒಮ್ಮೆ ಬಗ್ಗಿ ನೋಡಿ

ಮೊನ್ನೆ ಕಲ್ಲಡ್ಕದ ನೆಂಟರೊಬ್ಬರು ಒಂದು ಮುಷ್ಟಿ ಗಿಡ ತಂದು, "ಭಾವ, ಇದು ಪರ್ಪಾಟಕ ಅಲ್ವಾ? ಮಗನ ಜ್ವರಕ್ಕೆ ಕಷಾಯ ಮಾಡ್ಲಿಕ್ಕೆ" ಅಂದರು. ಬಿಡಿಸಿ ನೋಡಿದರೆ ಅದರಲ್ಲಿ ಮೂರು ಜಾತಿ ಉಂಟು! ಮೂರಕ್ಕೂ ಸಣ್ಣ ಬಿಳಿ ಹೂ.

ಮಳೆಗಾಲದಲ್ಲಿ ಅಂಗಳ, ಗುಡ್ಡೆ, ತೋಟದ ದಾರಿಯಲ್ಲಿ ಏಳುವ ಪರ್ಪಾಟಕದ ಶಾಸ್ತ್ರೀಯ ಹೆಸರು ಓಲ್ಡನ್‌ಲಾಂಡಿಯಾ ಕೋರಿಂಬೋಸಾ. ನಮ್ಮ ಕೇಪುಳ, ಕಾಫಿಯ ಕುಟುಂಬದ್ದೇ. ಕೇಪುಳದ ಹಾಗೆ ನಾಲ್ಕೇ ಎಸಳು. ಎಲೆ ಸಪೂರ, ಎದುರುಬದುರು. ಮುಖ್ಯ ಗುರುತು ತೊಟ್ಟು: ಎಲೆಯ ಬುಡದಿಂದ ಒಂದು ಕಡ್ಡಿ ಹೊರಟು, ತುದಿಯಲ್ಲಿ ಎರಡರಿಂದ ನಾಲ್ಕೈದು ಹೂವಾಗಿ ಕವಲೊಡೆಯುತ್ತದೆ. ಅಪರೂಪಕ್ಕೆ ಒಂಟಿ ಹೂವೂ ಇರುತ್ತದೆ, ಹಾಗಾಗಿ ಇಡೀ ಗಿಡ ನೋಡಬೇಕು. ಎಲ್ಲ ಕಡೆ ಉದ್ದ ತೊಟ್ಟಿನಲ್ಲಿ ಒಂದೊಂದೇ ಹೂವಿದ್ದರೆ ಅದು ಇದರ ದಾಯಾದಿ.

ಹೆಸರೊಂದನ್ನೇ ನಂಬುವ ಹಾಗೂ ಇಲ್ಲ. ಪರ್ಪಟ ಅಂತ ಕೇರಳದವರು ಬಳಸುವುದು ಇದನ್ನು, ಉತ್ತರ ಭಾರತದವರು ಫ್ಯುಮೇರಿಯಾ ಎಂಬ ಬೇರೆಯೇ ಗಿಡವನ್ನು.

ನನ್ನ ಅಭಿಪ್ರಾಯ ಇಷ್ಟೆ. ಫೋನಿನ ಆ್ಯಪ್ ಹೇಳಿತು ಅಂತ ಕಷಾಯ ಕುಡಿಯಬೇಡಿ. "ಎಲ್ಲ ಕಳೆಯೇ" ಅಂತ ಮದ್ದು ಬಿಡಲೂ ಬೇಡಿ. ಎರಡೂ ನೋಡದೆ ಮಾಡುವ ಕೆಲಸ. ಕಳೆನಾಶಕದ ಹೆಸರು ನಮಗೆಲ್ಲ ಬಾಯಿಪಾಠ, ಅಂಗಳದ ಗಿಡದ್ದು ಮಾತ್ರ ಗೊತ್ತಿಲ್ಲ. ಬೀಜದಿಂದಲೇ ಮರುವರ್ಷ ಬರಬೇಕಾದ ಗಿಡವನ್ನು ವರ್ಷವೂ ಹೂವಿನಲ್ಲೇ ಸುಟ್ಟರೆ ಎಷ್ಟು ಕಾಲ ಉಳಿದೀತು?

ಅಂದ ಹಾಗೆ, ಹುಡುಗನಿಗೆ ಜ್ವರ ಬಂದು ಮೂರು ದಿನ ಆಗಿತ್ತು. ಇದು ಡೆಂಗಿ, ಇಲಿಜ್ವರದ ಕಾಲ. ಕಷಾಯ ಮತ್ತೆ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ಕಳಿಸಿದೆ.