ನಾಯಿಮರಿಗೆ ಗೂಡೋ, ಬೋನೋ?

ಬೇಸಿಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ಸೋತು ಎರಡು ತಿಂಗಳ ನಾಯಿಮರಿಯನ್ನು ಮನೆಗೆ ತರುವ ತಂದೆತಾಯಿಯರು ಅನೇಕ. ರಜೆ ಮುಗಿಯುವ ತನಕ ತೊಂದರೆಯಿಲ್ಲ. ಮರಿಯನ್ನು ಎತ್ತಿಕೊಳ್ಳಲು, ಆಡಿಸಲು ಮನೆತುಂಬ ಕೈಗಳಿರುತ್ತವೆ. ಜೂನ್ ಬಂತೆಂದರೆ ಮಕ್ಕಳು ಶಾಲೆಗೆ, ಅಪ್ಪ ಅಮ್ಮ ಕಚೇರಿಗೆ, ಬಾಗಿಲಿಗೆ ಬೀಗ. ಒಳಗೆ ಮರಿ ಒಂದೇ.

ಹಿತ್ತಿಲು, ಜಗುಲಿ, ಸದಾ ಮನೆಯಲ್ಲಿರುವ ಅಜ್ಜಿ ಇವೆಲ್ಲ ಇದ್ದ ಕಡೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಎರಡು ಕೋಣೆಯ ಫ್ಲಾಟಿನಲ್ಲಿ ಅದು ದೊಡ್ಡ ಪ್ರಶ್ನೆ. ಕೆಲವರು ಮರಿಯನ್ನು ಬಚ್ಚಲುಮನೆಗೆ ಕೂಡುತ್ತಾರೆ. ಕೆಲವರು ಕಿಟಕಿಯ ಸರಳಿಗೆ ಸರಪಳಿ ಹಾಕಿ ಕಟ್ಟುತ್ತಾರೆ. ಪೇಟೆಯಲ್ಲಿ ‘ಕ್ರೇಟ್’ ಎಂಬ ತಂತಿ ಜಾಲರಿಯ ಗೂಡೂ ಸಿಗುತ್ತದೆ. ಮರಿಯನ್ನು ಅದರೊಳಗೆ ಬಿಟ್ಟು, ಚಿಲಕ ಹಾಕಿ ಹೋಗುವುದು ಸರಿಯೇ?

ಸರಿ ಎನ್ನುವವರ ಮಾತಿನಲ್ಲಿ ಹುರುಳಿದೆ. ನಾಲ್ಕನೆಯ ತಿಂಗಳ ಸುಮಾರಿಗೆ ಮರಿಯ 28 ಹಾಲುಹಲ್ಲುಗಳು ಉದುರತೊಡಗಿ, ಏಳನೆಯ ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಆಗ ಅದಕ್ಕೆ ಕಚ್ಚಲು ಚಪ್ಪಲಿ, ಪಠ್ಯಪುಸ್ತಕ, ವಿದ್ಯುತ್ ತಂತಿ ಎಲ್ಲವೂ ಒಂದೇ. ಮಕ್ಕಳು ಬಿಟ್ಟುಹೋದ ಚಾಕಲೇಟು, ಅಡುಗೆಮನೆಯ ಈರುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ. ಇಂಥ ಅಪಾಯಗಳಿಂದ ಗೂಡು ಕಾಪಾಡುತ್ತದೆ. ಅಲ್ಲದೆ ನಾಯಿ ತಾನು ಮಲಗುವ ಜಾಗವನ್ನು ಆದಷ್ಟು ಹೊಲಸು ಮಾಡುವುದಿಲ್ಲ. ಈ ಗುಣವನ್ನು ಬಳಸಿಕೊಂಡು ಅದಕ್ಕೆ ಚೊಕ್ಕಟತನ ಕಲಿಸಬಹುದು.

ಆದರೆ ಇದಕ್ಕೊಂದು ಲೆಕ್ಕವಿದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ, ಅದು ಮೂತ್ರ ತಡೆದುಕೊಳ್ಳಬಲ್ಲ ಗಂಟೆಗಳು ಸಿಗುತ್ತವೆ ಎಂಬುದು ನಾಯಿ ಪಳಗಿಸುವವರ ರೂಢಿಯ ಸೂತ್ರ. ಅದೂ ಹೆಚ್ಚೆಂದರೆ ಅಷ್ಟು. ಎರಡು ತಿಂಗಳ ಮರಿಗೆ ಮೂರು ಗಂಟೆ. ಬೆಳಿಗ್ಗೆ ಎಂಟೂವರೆಗೆ ಹಾಕಿದ ಬೀಗವನ್ನು ಸಂಜೆ ನಾಲ್ಕೂವರೆಗೆ ತೆಗೆದರೆ ಎಂಟು ಗಂಟೆಯಾಯಿತು. ಉಳಿದ ಐದು ಗಂಟೆ ಮರಿ ತನ್ನ ಹೊಲಸಿನಲ್ಲೇ ಕೂರಬೇಕು. ಅದು ಅಭ್ಯಾಸವಾಗಿಬಿಟ್ಟರೆ ಚೊಕ್ಕಟವಾಗಿರುವ ಸಹಜ ಗುಣವೇ ಕೆಡುತ್ತದೆ. ಯಾವ ಉದ್ದೇಶಕ್ಕೆ ಗೂಡು ತಂದದ್ದೋ ಅದೇ ಹಾಳಾದಂತೆ.

ಇನ್ನೊಂದು ನಷ್ಟ ಕಣ್ಣಿಗೆ ಬೇಗ ಕಾಣುವಂಥದಲ್ಲ. ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಅಭ್ಯಸಿಸಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಜನರೊಂದಿಗೆ, ಇತರ ನಾಯಿಗಳೊಂದಿಗೆ ಬೆರೆಯುವುದನ್ನು ಕಲಿಯುತ್ತದೆ ಎಂದು ಅವರು ತೋರಿಸಿದರು. ಈ ವಾರಗಳನ್ನು ಒಂಟಿಯಾಗಿ ಕಳೆದ ಮರಿ ಮುಂದೆ ಅಂಜುಬುರುಕವಾಗಬಹುದು, ಅಂಜಿಕೆಯಿಂದಲೇ ಕಚ್ಚಲೂಬಹುದು. ಮನೆಗೆ ತಂದ ಮೊದಲ ತಿಂಗಳೇ ಈ ಅವಧಿ ಎಂಬುದನ್ನು ಮರೆಯುವಂತಿಲ್ಲ.

ಕಾನೂನೂ ಸುಮ್ಮನಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ, ಓಡಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಗೂಡಿನಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ಅಪರಾಧ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ವ್ಯಾಯಾಮ ಮಾಡಿಸದಿರುವುದೂ ಅಪರಾಧವೇ. ಸ್ವೀಡನ್, ಫಿನ್ಲೆಂಡ್ ದೇಶಗಳ ನಿಯಮಗಳಂತೂ ಪ್ರಯಾಣದಂಥ ತಾತ್ಕಾಲಿಕ ಸಂದರ್ಭಗಳ ಹೊರತು ನಾಯಿಯನ್ನು ಮುಚ್ಚಿದ ಕ್ರೇಟಿನಲ್ಲಿಡಲು ಬಿಡುವುದಿಲ್ಲ.

ಹಾಗಾದರೆ ಗೂಡು ಬೇಡವೇ? ಬೇಕು, ಆದರೆ ಅದು ಬೋನಾಗಬಾರದು. ಮರಿ ಎದ್ದು ನಿಲ್ಲುವಷ್ಟು, ಸುತ್ತ ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ಜಾಗ ಅದರಲ್ಲಿರಬೇಕು. ಮೊದಲ ಕೆಲವು ದಿನ ಬಾಗಿಲು ತೆರೆದೇ ಇರಲಿ. ಊಟ ಅದರೊಳಗೇ ನಡೆಯಲಿ. ಆಮೇಲೆ ಉಣ್ಣುವಾಗ ಎರಡು ನಿಮಿಷ ಬಾಗಿಲು ಮುಚ್ಚಬಹುದು. ಬಳಿಕ ಹತ್ತು ನಿಮಿಷ, ಅರ್ಧ ಗಂಟೆ ಎಂದು ನಿಧಾನವಾಗಿ ಹೆಚ್ಚಿಸಬಹುದು. ಕೊರಳಪಟ್ಟಿ ಜಾಲರಿಗೆ ಸಿಕ್ಕಿಕೊಂಡೀತು. ಅದನ್ನು ಮೊದಲೇ ಬಿಚ್ಚಬೇಕು. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರಿ ತಣ್ಣಗಾಗುವುದಿಲ್ಲ; ಗೂಡನ್ನು ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಡಲೇಬಾರದು. ತಪ್ಪು ಮಾಡಿದ್ದಕ್ಕೆ ಶಿಕ್ಷೆಯೆಂದು ಅದರೊಳಗೆ ತಳ್ಳಲೂಬಾರದು. ಐದು ನಿಮಿಷ ಕುಂಯ್‌ಗುಟ್ಟಿ ಮಲಗುವ ಮರಿಯ ಬಗ್ಗೆ ಚಿಂತೆ ಬೇಡ. ಜೊಲ್ಲು ಸುರಿಸುತ್ತ, ಬಾಯಲ್ಲಿ ರಕ್ತ ಬರುವಂತೆ ತಂತಿ ಕಚ್ಚುವ ಮರಿಯನ್ನು ಮಾತ್ರ ಕೂಡಲೇ ಹೊರಗೆ ಬಿಟ್ಟು ಪಶುವೈದ್ಯರ ಸಲಹೆ ಪಡೆಯಬೇಕು.

ಮೂರು ಗಂಟೆ ಮೀರುವ ದಿನಗಳಿಗೆ ಬೇರೆ ವ್ಯವಸ್ಥೆಯಾಗಬೇಕು. ತಂತಿ, ಚಪ್ಪಲಿ, ಪುಸ್ತಕಗಳನ್ನು ತೆಗೆದ ಒಂದು ಕೋಣೆಗೆ ಮೊಣಕಾಲೆತ್ತರದ ಅಡ್ಡಹಲಗೆ; ಒಂದು ಮೂಲೆಯಲ್ಲಿ ಹಾಸಿಗೆ, ನೀರು; ಇನ್ನೊಂದು ಮೂಲೆಯಲ್ಲಿ ಹಳೆಯ ಪತ್ರಿಕೆಗಳು. ಜೊತೆಗೆ ಮಧ್ಯಾಹ್ನ ಯಾರಾದರೊಬ್ಬರು ಬಂದು ನೋಡಲೇಬೇಕು. ಹನ್ನೆರಡಕ್ಕೆ ಕಾಲೇಜು ಮುಗಿಸಿ ಬರುವ ಅಕ್ಕನೋ, ಕೀಲಿಕೈ ಇಟ್ಟುಕೊಳ್ಳುವ ಪಕ್ಕದ ಮನೆಯವರೋ ಆದೀತು.

ಆದ್ದರಿಂದ ಮರಿ ತರುವ ಮುನ್ನವೇ ಮಕ್ಕಳ ಕೈಗೊಂದು ಹಾಳೆ ಕೊಡುವುದು ಒಳ್ಳೆಯದು. ಮನೆಯ ಪ್ರತಿಯೊಬ್ಬರೂ ಹೊರಡುವ, ಮರಳುವ ಸಮಯವನ್ನು ಸೋಮವಾರದಿಂದ ಶನಿವಾರದವರೆಗೆ ಅವರೇ ಬರೆಯಲಿ. ಟ್ಯೂಷನ್, ಪರೀಕ್ಷೆಯ ದಿನಗಳೂ ಅದರಲ್ಲಿರಲಿ. ಮನೆ ಸತತವಾಗಿ ಎಷ್ಟು ಗಂಟೆ ಖಾಲಿ ಎಂಬುದು ಆಗ ಅವರಿಗೇ ತಿಳಿಯುತ್ತದೆ. ಮೂರು ಗಂಟೆ ಮೀರಿದ ಕಡೆಯೆಲ್ಲ ಯಾರು ಬಂದು ನೋಡುವರೆಂದು ಹೆಸರು ಬರೆಯಬೇಕು. ಹೆಸರು ಸಿಗದಿದ್ದರೆ ಈ ವರ್ಷ ಮರಿ ಬೇಡ. ಹಾಗೆಂದು ಹೇಳಲು ತಂದೆತಾಯಿಗೆ ಮನಸ್ಸು ಬಾರದಿರಬಹುದು. ಆದರೆ ಲೆಕ್ಕ ಮಾಡಿದ ಮಗುವಿಗೆ ಅದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.