ಟೋಲ್ ಹಣದಲ್ಲಿ ಗಸ್ತಿಗೂ ಪಾಲಿರಲಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಲ್ಲಿ ಟೋಲ್ ತಪ್ಪಿಸಿಕೊಂಡು ಹೋಗುವುದು ಕಷ್ಟ. ಕಣಮಿಣಿಕೆ, ಶೇಷಗಿರಿಹಳ್ಳಿ, ಗಣಂಗೂರು, ಯಾವ ಗೇಟಿಗೆ ಬಂದರೂ ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಯಂತ್ರ ಓದುತ್ತದೆ, ಹಣ ಕಡಿತವಾದ ಸಂದೇಶ ಮೊಬೈಲಿಗೆ ಬರುತ್ತದೆ. ಟ್ಯಾಗ್ ಇಲ್ಲದೆ ಹೋದರೆ ಹೆಚ್ಚು ತೆರಬೇಕು. ಗೇಟು ದಾಟಿ ಹತ್ತು ನಿಮಿಷವಾಗಿರುವುದಿಲ್ಲ, ಬಲತುದಿಯ ಪಥದಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುತ್ತಿರುವ ಸರಕು ಲಾರಿ ಸಿಗುತ್ತದೆ. ಹಿಂದಿನ ಕಾರುಗಳು ಹಾರ್ನ್ ಮಾಡುತ್ತವೆ, ಲೈಟು ಹಾಕುತ್ತವೆ, ಕೊನೆಗೆ ತಾಳ್ಮೆಗೆಟ್ಟು ಎಡಗಡೆಯಿಂದ ನುಗ್ಗುತ್ತವೆ. 100 ಕಿ.ಮೀ. ಮಿತಿಯ ರಸ್ತೆಯಲ್ಲಿ ಒಂದು ವಾಹನ 50ರಲ್ಲಿ, ಇನ್ನೊಂದು 110ರಲ್ಲಿ, ಒಂದೇ ಪಥದಲ್ಲಿ. ಆ ಲಾರಿಯನ್ನು ಎಡಕ್ಕೆ ಸರಿಯುವಂತೆ ಮಾಡುವ ಅಧಿಕಾರವುಳ್ಳವರು ಕಣ್ಣಳತೆಯಲ್ಲಿ ಯಾರೂ ಇರುವುದಿಲ್ಲ.

ಈ ಟೋಲ್ ಹಣದ ಒಂದು ಸಣ್ಣ ಪಾಲು, ಇದೇ ರಸ್ತೆಗೆ ಮೀಸಲಾದ ಪೊಲೀಸ್ ಗಸ್ತಿಗೆ ಸಲ್ಲಬೇಕು. ಆ ಗಸ್ತಿನ ಮೊದಲ ಕೆಲಸ ಲೇನ್ ಶಿಸ್ತು ಕಾಯುವುದಾಗಬೇಕು. ಇಂದು ಹೇಳಬೇಕೆಂದಿರುವುದು ಇಷ್ಟೇ.

ಈ ರಸ್ತೆಯ ಇತಿಹಾಸ ಚಿಕ್ಕದು, ಆದರೆ ಅದರೊಳಗೇ ಪಾಠವಿದೆ. ಸುಮಾರು 119 ಕಿ.ಮೀ. ಉದ್ದದ, 8,480 ಕೋಟಿ ರೂಪಾಯಿ ವೆಚ್ಚದ ಹೆದ್ದಾರಿ 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟನೆಯಾಯಿತು. ಎರಡೇ ತಿಂಗಳಲ್ಲಿ ಅದರ ಹೆಸರು ಸಾವಿನ ಸುದ್ದಿಗಳ ಜೊತೆ ಸೇರಿಹೋಯಿತು. ಪೊಲೀಸ್ ಇಲಾಖೆ ಆಗ ಹೇಳಿದ ಲೆಕ್ಕದ ಪ್ರಕಾರ ಮೇ ತಿಂಗಳಲ್ಲಿ 29 ಜನ, ಜೂನ್‌ನಲ್ಲಿ 28 ಜನ ಸತ್ತರು. ಜುಲೈನಲ್ಲಿ ಆ ಸಂಖ್ಯೆ 8ಕ್ಕೆ ಇಳಿಯಿತು. ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧ ಜಾರಿಯಾದದ್ದು ಆಗಸ್ಟ್ 1ರಿಂದ. ಈಗ ರಸ್ತೆಯುದ್ದಕ್ಕೂ ಕಾಣುವ ಕ್ಯಾಮೆರಾಗಳ ಜಾಲ ಬಂದದ್ದು ಅದರ ಮರುವರ್ಷ. ಹಾಗಾದರೆ ಜುಲೈನಲ್ಲಿ ಹೊಸದಾಗಿ ಆದದ್ದೇನು? ಸಂಚಾರ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರು ಖುದ್ದಾಗಿ ರಸ್ತೆ ನೋಡಿ ಬಂದರು. ಸ್ಪೀಡ್ ಗನ್ ಹಿಡಿದ ಪೊಲೀಸರು ರಸ್ತೆಗಿಳಿದರು. ವಾಹನಗಳನ್ನು ನಿಲ್ಲಿಸಿದರು, ದಂಡ ಹಾಕಿದರು. ಒಂದು ತಿಂಗಳ ಅಂಕಿಯನ್ನೇ ಹಿಡಿದುಕೊಂಡು ಎಲ್ಲವನ್ನೂ ಸಾಧಿಸಲಾಗದು ನಿಜ. ಆದರೂ ರಸ್ತೆಯ ಮೇಲೆ ಸಮವಸ್ತ್ರ ಕಂಡರೆ ಚಾಲಕನ ಕಾಲು ಆಕ್ಸಿಲರೇಟರ್‌ನಿಂದ ತಾನಾಗಿ ಮೇಲೇಳುತ್ತದೆ. ವಾಹನ ಓಡಿಸುವ ಪ್ರತಿಯೊಬ್ಬರಿಗೂ ಇದು ಗೊತ್ತು.

ಕ್ಯಾಮೆರಾ ಬೇಡವೆನ್ನುತ್ತಿಲ್ಲ. ವೇಗ ಅಳೆಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅದು ಲಂಚ ಕೇಳುವುದಿಲ್ಲ, ಪ್ರಭಾವಕ್ಕೆ ಮಣಿಯುವುದಿಲ್ಲ, ರಾತ್ರಿ ಮಲಗುವುದಿಲ್ಲ. ಆದರೆ ಅದು ಮಾಡುವುದು ದಾಖಲಿಸುವ ಕೆಲಸ. ತಪ್ಪು ನಡೆದ 15 ದಿನದೊಳಗೆ ವಾಹನದ ಮಾಲೀಕರಿಗೆ ನೋಟಿಸ್ ಕಳಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಬಲಪಥದಲ್ಲಿ ಆಮೆಗತಿಯಲ್ಲಿ ಹೊರಟ ಲಾರಿ ಆ ಹೊತ್ತಿಗೆ ಕೇರಳಕ್ಕೋ ತಮಿಳುನಾಡಿಗೋ ಹೋಗಿ ಬಂದಿರುತ್ತದೆ. ಎದುರು ದಿಕ್ಕಿನಿಂದ ಬರುತ್ತಿರುವ ಬೈಕಿನ ಫೋಟೊ ತೆಗೆದರೆ ಬೈಕು ನಿಲ್ಲುವುದಿಲ್ಲ. ಮುಖ್ಯ ಪಥದಲ್ಲೇ ಬಸ್ ನಿಲ್ಲಿಸಿ ಪ್ರಯಾಣಿಕರನ್ನು ಇಳಿಸುವ ಚಾಲಕನನ್ನು ಆ ಗಳಿಗೆಯಲ್ಲಿ ಮುಂದೆ ಕಳಿಸದಿದ್ದರೆ, ಹಿಂದಿನಿಂದ ಬರುವ ಕಾರಿಗೆ ನೋಟಿಸಿನಿಂದ ಯಾವ ರಕ್ಷಣೆಯೂ ಇಲ್ಲ. ವೇಗದ ತಪ್ಪನ್ನು ನಾಳೆ ದಂಡಿಸಿದರೂ ನಡೆದೀತು. ಲೇನಿನ ತಪ್ಪನ್ನು ಈಗಲೇ, ಇಲ್ಲಿಯೇ ಸರಿಪಡಿಸಬೇಕು.

ನೋಟಿಸುಗಳ ಗತಿಯನ್ನೂ ನೋಡಿದ್ದೇವೆ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಬಂದು ಕಟ್ಟಿದರು. ಅಷ್ಟೊಂದು ದಂಡ ವರ್ಷಗಟ್ಟಲೆ ಬಾಕಿ ಇತ್ತೆಂದು ಇದರ ಅರ್ಥ. ಲೇನ್ ಉಲ್ಲಂಘನೆಗಂತೂ ದಂಡವೇ ಸಣ್ಣದು: ಮೋಟಾರು ವಾಹನ ಕಾಯ್ದೆಯ 177ಎ ಕಲಮಿನಲ್ಲಿ ಹೇಳಿರುವುದು 500ರಿಂದ 1,000 ರೂಪಾಯಿ. ಸಾವಿರಾರು ರೂಪಾಯಿ ಬಾಡಿಗೆಯ ಲಾರಿಗೆ ಅದು ಲೆಕ್ಕಕ್ಕಿಲ್ಲ. ಮುಂದಿನ ಟೋಲ್ ಗೇಟಿನಲ್ಲಿ ಅರ್ಧ ಗಂಟೆ ಪಕ್ಕಕ್ಕೆ ನಿಲ್ಲಬೇಕಾಗಿ ಬಂದರೆ ಅದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಯಂತ್ರಕ್ಕೆ ಕಾಣದ ತಪ್ಪಿಗೆ ಮನುಷ್ಯರೇ ಬೇಕೆಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ಮೂವತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡಿತು. ಆರೆಂಜ್ ಕೌಂಟಿಯ 91ನೇ ರಾಜ್ಯ ಹೆದ್ದಾರಿಯ ನಡುವೆ 1995ರ ಡಿಸೆಂಬರ್‌ನಲ್ಲಿ ನಾಲ್ಕು ಟೋಲ್ ಪಥಗಳು ತೆರೆದುಕೊಂಡವು. ದಟ್ಟಣೆಯ ಹೊತ್ತಿಗೆ ದರ ಹೆಚ್ಚು, ಬಿಡುವಿನ ಹೊತ್ತಿಗೆ ಕಡಿಮೆ. ಆಗ ಅದನ್ನು ಒಂದು ಖಾಸಗಿ ಕಂಪನಿ ನಡೆಸುತ್ತಿತ್ತು. 2003ರಲ್ಲಿ ಕೌಂಟಿಯ ಸಾರಿಗೆ ಪ್ರಾಧಿಕಾರ ಅದನ್ನು ಕೊಂಡುಕೊಂಡಿತು. ಯಾರ ಕೈಯಲ್ಲಿದ್ದಾಗಲೂ ಒಂದು ವ್ಯವಸ್ಥೆ ಬದಲಾಗಲಿಲ್ಲ. ಆ ಪಥಗಳ ಕಾವಲಿಗೆ ನಿಲ್ಲುವ ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್ ಪೊಲೀಸರ ವೆಚ್ಚವನ್ನು ಟೋಲ್ ನಡೆಸುವವರೇ ಭರಿಸುತ್ತಾರೆ.

ಫ್ರೀಮಾಂಟ್, ಮಿಲ್ಪಿಟಸ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್ನೊಂದು ರಸ್ತೆ ಚೆನ್ನಾಗಿ ಗೊತ್ತು. ಅಲ್ಲಿನ 880 ಹೆದ್ದಾರಿಯಲ್ಲಿ 2020ರಲ್ಲಿ ತೆರೆದ ಎಕ್ಸ್‌ಪ್ರೆಸ್ ಪಥದಲ್ಲಿ ಕಾರಿನಲ್ಲಿ ಮೂವರಿದ್ದರೆ ಟೋಲ್ ಇಲ್ಲ, ಇಬ್ಬರಿದ್ದರೆ ಅರ್ಧ. ಎಷ್ಟು ಜನ ಇದ್ದಾರೆಂದು ಚಾಲಕ ತನ್ನ ಟ್ಯಾಗಿನ ಗುಂಡಿ ಸರಿಸಿ ತಾನೇ ತಿಳಿಸಬೇಕು. ಒಬ್ಬನೇ ಕುಳಿತು ಮೂರು ಎಂದು ತೋರಿಸಿದರೆ ಗತಿಯೇನು? ಟೋಲ್ ಕಮಾನಿನ ಮೇಲೊಂದು ದೀಪವಿದೆ, ಕಾರು ಹಾದುಹೋದಾಗ ಚಾಲಕ ತೋರಿಸಿದ ಸಂಖ್ಯೆಯನ್ನು ಅದು ಸೂಚಿಸುತ್ತದೆ. ಪಕ್ಕದಲ್ಲಿ ಕಾಯುತ್ತಿರುವ ಪೊಲೀಸ್ ಅಧಿಕಾರಿ ಆ ದೀಪವನ್ನೂ ಕಾರಿನೊಳಗಿನ ತಲೆಗಳನ್ನೂ ಒಟ್ಟಿಗೆ ನೋಡುತ್ತಾರೆ. ಸಿಕ್ಕಿಬಿದ್ದರೆ ಕನಿಷ್ಠ 490 ಡಾಲರ್ ದಂಡ. ಅಲ್ಲಿಯೂ ಆ ಗಸ್ತು ನಡೆಯುವುದು ಟೋಲ್ ಹಣದಲ್ಲಿ, ಲಿಖಿತ ಒಪ್ಪಂದದ ಮೇಲೆ. ಯಂತ್ರಗಳ ತವರಾದ ಸಿಲಿಕಾನ್ ಕಣಿವೆಯ ಪಕ್ಕದಲ್ಲೇ, ಟೋಲ್ ಪಥದ ಮರ್ಯಾದೆ ಉಳಿಸಲು ಪೊಲೀಸ್ ಕಾರು ನಿಲ್ಲಬೇಕಾಗಿದೆ.

ನಮ್ಮ ಹೆದ್ದಾರಿಗಳಲ್ಲಿಯೂ ಗಸ್ತು ವಾಹನಗಳಿವೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ವಾಹನ, ಆಂಬುಲೆನ್ಸ್, ಕ್ರೇನ್ ಎಲ್ಲವೂ 1033ಕ್ಕೆ ಕರೆ ಮಾಡಿದರೆ ಬರುತ್ತವೆ. ಕೆಟ್ಟು ನಿಂತ ಲಾರಿಯ ಹಿಂದೆ ಕೋನ್ ಇಡುವ, ಗಾಯಾಳುಗಳನ್ನು ಎತ್ತುವ ಆ ಸಿಬ್ಬಂದಿಯ ಸೇವೆ ದೊಡ್ಡದು. ಆದರೆ ತಪ್ಪು ಪಥದಲ್ಲಿರುವ ಲಾರಿಗೆ ಕೈ ಅಡ್ಡ ಹಿಡಿಯುವ, ದಂಡ ಹಾಕುವ ಅಧಿಕಾರ ಅವರಿಗಿಲ್ಲ. ಅಧಿಕಾರವಿರುವ ರಾಜ್ಯ ಪೊಲೀಸರಿಗೆ ಪುರಸೊತ್ತಿಲ್ಲ. ಈ ಒಂದು ರಸ್ತೆ ಬೆಂಗಳೂರು, ಈಗ ಬೆಂಗಳೂರು ದಕ್ಷಿಣವೆನಿಸಿರುವ ರಾಮನಗರ, ಮಂಡ್ಯ, ಮೈಸೂರು ಹೀಗೆ ಜಿಲ್ಲೆಯಿಂದ ಜಿಲ್ಲೆಗೆ, ಠಾಣೆಯಿಂದ ಠಾಣೆಗೆ ಸಾಗುತ್ತದೆ. ಪ್ರತಿ ಠಾಣೆಗೂ ಹೆದ್ದಾರಿ ಹತ್ತು ಕೆಲಸಗಳಲ್ಲಿ ಒಂದು. ಕಾವೇರಿ ವಿಚಾರದಲ್ಲಿ ಮಂಡ್ಯ ಕುದಿಯತೊಡಗಿದರೆ ಪೇದೆಗಳು ಬಂದೋಬಸ್ತಿಗೆ ಹೋಗಬೇಕು. ಮೈಸೂರಿನಲ್ಲಿ ದಸರಾ, ಎಲ್ಲೆಡೆ ಚುನಾವಣೆ, ಗಣ್ಯರು ಬಂದರೆ ಭದ್ರತೆ. ರಸ್ತೆ ತುಂಬಿ ತುಳುಕುವ ದಿನಗಳಲ್ಲೇ ರಸ್ತೆಯ ಪೊಲೀಸರು ಬೇರೆ ಕಡೆ ಇರುತ್ತಾರೆ. ದಸರೆಯ ವಾರಾಂತ್ಯದಲ್ಲಿ ಮೈಸೂರಿಗೆ ಹೊರಟವರಿಗೆ ಇದನ್ನು ವಿವರಿಸಬೇಕಿಲ್ಲ.

ಆದ್ದರಿಂದಲೇ ‘ಮೀಸಲು’ ಎಂಬುದಕ್ಕೆ ನಾನು ಇಷ್ಟು ಒತ್ತು ಕೊಡುತ್ತಿದ್ದೇನೆ. ಹಣ ಕೊಟ್ಟ ಮಾತ್ರಕ್ಕೆ ಗಸ್ತು ರಸ್ತೆಯ ಮೇಲೆ ಇರುವುದಿಲ್ಲ. ಒಪ್ಪಂದ ಗಂಟೆಗಳ ಲೆಕ್ಕದಲ್ಲಿರಬೇಕು: ಯಾವ ಭಾಗದಲ್ಲಿ, ಯಾವ ಹೊತ್ತಿನಿಂದ ಯಾವ ಹೊತ್ತಿಗೆ, ಎಷ್ಟು ವಾಹನ. ಜಿಪಿಎಸ್ ದಾಖಲೆ ನೋಡಿ, ರಸ್ತೆಯ ಮೇಲೆ ಕಳೆದ ಗಂಟೆಗಳಿಗೆ ಮಾತ್ರ ಹಣ ಪಾವತಿಯಾಗಬೇಕು. ಬಂದೋಬಸ್ತಿಗೆಂದು ಸಿಬ್ಬಂದಿಯನ್ನು ಎಳೆದುಕೊಂಡರೆ ಆ ದಿನದ ಹಣ ರಾಜ್ಯಕ್ಕೆ ಬರಬಾರದು. ಪ್ರತಿ ತಿಂಗಳ ಲೆಕ್ಕ ಸಾರ್ವಜನಿಕರಿಗೆ ಸಿಗಬೇಕು. ಇಷ್ಟು ಕಟ್ಟುನಿಟ್ಟು ಇಲ್ಲದಿದ್ದರೆ ಹೊಸ ಜೀಪುಗಳು ಬರುತ್ತವೆ, ಕೆಲವು ದಿನ ಓಡುತ್ತವೆ, ಆಮೇಲೆ ಯಾವುದೋ ಕಚೇರಿಯ ಮುಂದೆ ನಿಲ್ಲುತ್ತವೆ.

ಖರ್ಚು ಎಷ್ಟಾದೀತು? ಪಂಜಾಬ್ ಸರ್ಕಾರ 2024ರ ಜನವರಿಯಲ್ಲಿ ಸಡಕ್ ಸುರಖ್ಯಾ ಫೋರ್ಸ್ ಎಂಬ ರಸ್ತೆ ಸುರಕ್ಷತಾ ಪಡೆ ಕಟ್ಟಿ, 144 ವಾಹನಗಳನ್ನು ಸುಮಾರು 30 ಕಿ.ಮೀ.ಗೆ ಒಂದರಂತೆ ಹೆದ್ದಾರಿಗಳಲ್ಲಿ ನಿಲ್ಲಿಸಿತು. ಅದೇ ಅಳತೆ ಹಿಡಿದರೆ ನಮ್ಮ 119 ಕಿ.ಮೀ.ಗೆ ನಾಲ್ಕು ವಾಹನ. ಹೋಗುವ ದಿಕ್ಕಿಗೂ ಬರುವ ದಿಕ್ಕಿಗೂ ಬೇರೆ ಬೇರೆಯೆಂದರೆ ಎಂಟು. ಒಂದೊಂದಕ್ಕೆ ನಾಲ್ವರು, ಮೂರು ಪಾಳಿ, ವಾರದ ರಜೆಗೆ ಬದಲಿಯವರು ಎಂದು ಕೂಡಿಸಿದರೆ ಸುಮಾರು 120 ಜನ. ತಲಾ 60 ಸಾವಿರ ರೂಪಾಯಿ ಸಂಬಳ ಎಂದಿಟ್ಟುಕೊಂಡರೂ ವರ್ಷಕ್ಕೆ ಒಂಬತ್ತು ಕೋಟಿ ದಾಟುವುದಿಲ್ಲ. ಡೀಸೆಲ್, ವಾಹನ, ವೈರ್‌ಲೆಸ್ ಎಲ್ಲ ಸೇರಿ ಹನ್ನೆರಡು ಕೋಟಿ ಎನ್ನೋಣ. ಇದು ನನ್ನ ಅಂದಾಜು, ಇಲಾಖೆಯವರು ತಿದ್ದಲಿ. ರಸ್ತೆಗೆ ಸುರಿದ ಬಂಡವಾಳದಲ್ಲಿ ಅದು ಸಾವಿರಕ್ಕೆ ಒಂದೂವರೆ ರೂಪಾಯಿಯಷ್ಟೂ ಇಲ್ಲ. ಇದಕ್ಕಾಗಿ ಟೋಲ್ ದರ ಒಂದು ರೂಪಾಯಿಯೂ ಏರಬಾರದು. ಈಗ ಬರುತ್ತಿರುವುದರಲ್ಲೇ ತೆಗೆದಿಡಬೇಕು.

ತೊಡಕಿರುವುದು ಹಣ ಸಾಗುವ ದಾರಿಯಲ್ಲಿ. ರಾಷ್ಟ್ರೀಯ ಹೆದ್ದಾರಿ ಸಂವಿಧಾನದ ಪ್ರಕಾರ ಕೇಂದ್ರದ ವಿಷಯ, ಪೊಲೀಸ್ ರಾಜ್ಯದ ವಿಷಯ. ಟೋಲ್ ಹಣ ದೆಹಲಿಯ ಕಡೆಗೆ ಹೋಗುತ್ತದೆ, ಅಪಘಾತವಾದಾಗ ಓಡಿಬರುವ ಪೇದೆಯ ಸಂಬಳ ವಿಧಾನಸೌಧದ ಬಜೆಟ್ಟಿನಿಂದ ಬರುತ್ತದೆ. ಇದನ್ನು ಬಿಡಿಸಲಾಗದ ಗಂಟೆಂದು ಅಧಿಕಾರಿಗಳು ಹೇಳುವುದನ್ನು ಕೇಳಿದ್ದೇನೆ. ಆದರೆ ಈ ಗಂಟನ್ನು ಬಿಡಿಸಿದ ಮಾದರಿ ನಮ್ಮ ಕಣ್ಣೆದುರಿಗೇ ಇದೆ. ಸಿಟಿ ರೈಲು ನಿಲ್ದಾಣದಲ್ಲಿ ಕಾಣುವ ಸರ್ಕಾರಿ ರೈಲ್ವೆ ಪೊಲೀಸರು ಕರ್ನಾಟಕ ಪೊಲೀಸರೇ, ರಾಜ್ಯ ಸರ್ಕಾರದ ಆಜ್ಞೆಗೆ ಒಳಪಟ್ಟವರೇ. ಅವರ ವೆಚ್ಚದಲ್ಲಿ ಅರ್ಧವನ್ನು ಕೇಂದ್ರದ ರೈಲ್ವೆ ಇಲಾಖೆ ಭರಿಸುತ್ತದೆ. ಅವರಿಗೆ ತಮ್ಮದೇ ಎಸ್‌ಪಿ ಇದ್ದಾರೆ, ಜಿಲ್ಲೆಯ ಗಡಿ ಅವರ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಹಳಿಗೆ ಸಾಧ್ಯವಾದ ಏರ್ಪಾಡು ಡಾಂಬರಿಗೆ ಸಾಧ್ಯವಾಗದೇಕೆ? ಹೆದ್ದಾರಿಗೂ ಒಬ್ಬ ಎಸ್‌ಪಿ, ಒಂದು ಪಡೆ, ಅರ್ಧ ಅಥವಾ ಪೂರ್ತಿ ವೆಚ್ಚ ಟೋಲ್‌ನಿಂದ ಎಂದು ಬರೆದರೆ ಆಯಿತು. ರಾಜ್ಯ ಸರ್ಕಾರ ಇದನ್ನು ಗಟ್ಟಿಯಾಗಿ ಕೇಳಬೇಕು, ನಮ್ಮ ಸಂಸದರು ಪಕ್ಷ ನೋಡದೆ ದನಿಗೂಡಿಸಬೇಕು.

ಒಂದು ಎಚ್ಚರ ಅತ್ಯಗತ್ಯ. ಗಸ್ತಿನ ಹಣ ಟೋಲ್‌ನಿಂದ ಬರಲಿ, ದಂಡದಿಂದ ಬೇಡ. ವಸೂಲಾದ ದಂಡದಲ್ಲಿ ಪಡೆಗೆ ಪಾಲೆಂದು ಒಮ್ಮೆ ಮಾಡಿಬಿಟ್ಟರೆ ಪೊಲೀಸರ ಕಣ್ಣು ಅಪಾಯದಿಂದ ಆದಾಯದ ಕಡೆಗೆ ಹೊರಳುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಫರ್ಗುಸನ್ ಎಂಬ ಸಣ್ಣ ಊರಿನ ಕಥೆ ಅದೇ. ಆ ಊರಿನ ಆಡಳಿತ ದಂಡದ ಆದಾಯಕ್ಕೆ ಆತುಕೊಂಡದ್ದರಿಂದ ಪೊಲೀಸರು ಬಡ ಕಪ್ಪುಜನರನ್ನು ಹೇಗೆ ಹಿಂಡಿದರೆಂದು ಅಲ್ಲಿನ ಕೇಂದ್ರ ನ್ಯಾಯ ಇಲಾಖೆ 2015ರ ವರದಿಯಲ್ಲಿ ಬಿಡಿಸಿ ಹೇಳಿತು. ನಮ್ಮಲ್ಲಿ ಹಾಗಾದರೆ ಮೊದಲು ಸಿಕ್ಕಿಬೀಳುವವರು ಹೊರರಾಜ್ಯದ ಲಾರಿ ಚಾಲಕರು. ಗಸ್ತಿನ ಸಾಧನೆಯನ್ನು ಹಾಕಿದ ದಂಡದಿಂದ ಅಳೆಯುವುದೂ ಬೇಡ. ಸಾವುಗಳು ಎಷ್ಟು ಇಳಿದವು, ಬಲಪಥ ಎಷ್ಟು ತೆರವಾಯಿತು ಎಂಬುದನ್ನು ನೋಡಿದರೆ ಸಾಕು. ಯಾರನ್ನು ನಿಲ್ಲಿಸಬೇಕು, ಯಾರನ್ನು ಬಿಡಬೇಕೆಂಬುದರಲ್ಲಿ ಟೋಲ್ ವಸೂಲಿ ಮಾಡುವವರ ಮಾತು ನಡೆಯಕೂಡದು. ಮೈಯ ಮೇಲೆ ಕ್ಯಾಮೆರಾ ಇರಲಿ, ದಂಡ ಯಂತ್ರದಲ್ಲೇ ಬೀಳಲಿ, ನಗದು ಮುಟ್ಟುವುದೇ ಬೇಡ.

ಹಳ್ಳಿಯವರ ವಿಷಯದಲ್ಲಿ ಈ ಪಡೆ ಹೆಚ್ಚು ಸಂಯಮ ತೋರಬೇಕು. ಹೆದ್ದಾರಿ ಬಂದು ಊರನ್ನೂ ಹೊಲವನ್ನೂ ಎರಡು ಭಾಗ ಮಾಡಿದೆ. ಆಚೆ ಹೋಗಲು ಮೇಲ್ಸೇತುವೆಯೋ ಕೆಳಸೇತುವೆಯೋ ದೂರವಿರುವ ಕಡೆ ಜನ ಬೇಲಿ ದಾಟುತ್ತಾರೆ, ಬೈಕು ತಪ್ಪು ದಿಕ್ಕಿನಲ್ಲಿ ಬರುತ್ತದೆ. ಜೀವಕ್ಕೆ ಅಪಾಯವಾದ್ದರಿಂದ ಅದನ್ನು ತಡೆಯಲೇಬೇಕು. ಆದರೆ ಒಂದೇ ಜಾಗದಲ್ಲಿ ದಿನವೂ ಬೇಲಿ ಮುರಿಯುತ್ತಿದ್ದರೆ ಗಸ್ತಿನವರು ಆ ಜಾಗವನ್ನು ಬರೆದುಕೊಂಡು ಪ್ರಾಧಿಕಾರಕ್ಕೆ ತಿಳಿಸಬೇಕು, ಅಲ್ಲಿಗೊಂದು ದಾರಿ ಆಗುವವರೆಗೂ ಬೆನ್ನು ಬಿಡಬಾರದು. ನೂರಿಪ್ಪತ್ತು ಜನ ಹಗಲಿರುಳು ಅದೇ ರಸ್ತೆಯಲ್ಲಿ ಓಡಾಡಿದರೆ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ಯಾವ ಸರ್ವಿಸ್ ರಸ್ತೆಯಿಂದ ವಾಹನಗಳು ಹಠಾತ್ತನೆ ನುಗ್ಗುತ್ತವೆ, ಲಾರಿಗಳು ಊಟಕ್ಕೆಂದು ಎಲ್ಲಿ ಅಂಚಿನಲ್ಲೇ ನಿಲ್ಲುತ್ತವೆ ಎಂಬುದೆಲ್ಲ ಅವರಿಗೆ ಅಂಗೈಗೆರೆಯಂತೆ ತಿಳಿದಿರುತ್ತದೆ. ಕಂಬದ ಮೇಲಿನ ಕ್ಯಾಮೆರಾ ಈ ತಿಳಿವಳಿಕೆಯನ್ನು ಯಾರಿಗೂ ಕೊಡದು.

ಬೆಂಗಳೂರು–ಮೈಸೂರು ರಸ್ತೆಯ ವಿಷಯದಲ್ಲಿ ಟೋಲ್ ಮೊದಲು ಬಂತು, ಪೊಲೀಸರು ಆಮೇಲೆ ಬಂದರು. ಆ ನಡುವಿನ ತಿಂಗಳುಗಳಲ್ಲಿ ಎಷ್ಟೋ ಮನೆಗಳ ದೀಪ ಆರಿತು. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಭಾಗದಲ್ಲಿ ಈಗ ವಾಹನಗಳು ಇನ್ನೂ ಹೆಚ್ಚಿನ ವೇಗದಲ್ಲಿ ಓಡುತ್ತಿವೆ. ಕೋಲಾರ ಜಿಲ್ಲೆಯ ಆ ರಸ್ತೆಗೆ, ರಾಜಧಾನಿಯ ಸುತ್ತ ಬರುತ್ತಿರುವ ಉಪನಗರ ವರ್ತುಲ ರಸ್ತೆಗೆ ಗಸ್ತಿನ ಒಪ್ಪಂದವನ್ನು ಈಗಲೇ ಬರೆಯಬಹುದು. ಟೋಲ್ ದರದ ಅಧಿಸೂಚನೆ ಹೊರಡುವಾಗ ಅದರ ಜೊತೆಗೇ ಪಡೆಯ ಸಂಖ್ಯೆ, ಗಸ್ತಿನ ಗಂಟೆ, ಎಸ್‌ಪಿಯ ಕಚೇರಿ ಎಲ್ಲಿ ಎಂಬುದೂ ಪ್ರಕಟವಾಗಲಿ. ಮೈಸೂರು ರಸ್ತೆಗೆ ಮುಂದಿನ ದಸರೆಯೊಳಗೆ ಆ ಪಡೆ ಬರಲಿ.